ಒಂದು ಸಾಕು ಅನ್ನೋರಿಗೆ, ಮೂರು ಸೈಕಲ್ ಇಟ್ಕೊಂಡವನ ಮಾತು

ಬರಹ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನನ್ನ ಹತ್ತಿರ ಮೂರು ಸೈಕಲ್ ಇವೆ. ಒಂದು ಅಪ್ಪನದು. ಒಂದು ಕಂತಿನಲ್ಲಿ ತಗೊಂಡಿದ್ದು. ಇನ್ನೊಂದು ಸೆಕೆಂಡ್ ಹ್ಯಾಂಡು, ಚೀಟಿ ಎತ್ತಿದ ದುಡ್ಡಲ್ಲಿ ಬಂದಿದ್ದು. ಊರಲ್ಲಿರೋ ಅಪ್ಪನ ಸೈಕಲ್ಲನ್ನ ಹೋದ ತಿಂಗಳು ಓವರಾಯ್ಲಿಂಗಿಗೆ ಅಂತ ಮೈಸೂರಿಗೆ ತಂದಿದ್ದೆ. ಮೂರನ್ನೂ ಮನೆ ಮುಂದೆ ಸಾಲಾಗಿ ನಿಲ್ಲಿಸಿ ಒಂದು ಫೋಟೋ ಹಾಕಿದೆ. ಅಷ್ಟೇ. ಅವತ್ತಿಂದ ಒಂದೇ ಪ್ರಶ್ನೆ: ಮೂರು ಯಾಕೆ?

ಕೇಳಿದವರು ಮೂರು ಥರದವರು. ಕಚೇರಿಯ ಸಹೋದ್ಯೋಗಿ ಒಬ್ಬರು, "ಏನ್ರೀ, ಮೂರು ಸೈಕಲ್ಲು! ಅರಿಯರ್ಸ್ ಏನಾದ್ರೂ ಬಂತಾ?" ಅಂದರು. ಅವರ ಮನೆ ಮುಂದೆ ಎರಡು ಕಾರು, ಒಂದು ಸ್ಕೂಟರು, ಒಂದು ಬುಲೆಟ್ ನಿಂತಿವೆ. ನಾನು ಯಾವತ್ತೂ ಅವರನ್ನ ಕೇಳಿಲ್ಲ. ಭಾನುವಾರ ಜೊತೆಗೆ ಸೈಕಲ್ ಹೊಡೆಯೋ ಗೆಳೆಯರೊಬ್ಬರು, "ಮೂರೇನಾ ಸಾರ್? ಒಂದು ಎಂಟಿಬಿ ಕಮ್ಮಿ ಆಯ್ತಲ್ಲ" ಅಂದರು. ಸೈಕಲ್ ಹುಚ್ಚಿನವರಲ್ಲಿ ಎನ್ ಪ್ಲಸ್ ಒನ್ ಅಂತ ಒಂದು ತಮಾಷೆ ಲೆಕ್ಕ ಇದೆ. ನಿಮ್ಮ ಹತ್ತಿರ ಎಷ್ಟಿದೆಯೋ ಅದಕ್ಕಿಂತ ಒಂದು ಜಾಸ್ತಿ ಬೇಕು ಅನ್ನೋದು ಆ ಲೆಕ್ಕ. ಮೂರನೆಯವರು ನಮ್ಮ ಸಂಘಟನೆಯ ಹಿರಿಯರು. ಫೋನ್ ಮಾಡಿ, "ತಮ್ಮಾ, ನಮ್ಮ ಜನಕ್ಕೆ ಒಂದಕ್ಕೇ ಗತಿಯಿಲ್ಲ. ನೀನು ಮೂರು ಇಟ್ಕೊಂಡು ಶೋಕಿ ಮಾಡೋದು ನೋಡೋಕೆ ಚೆನ್ನಾಗಿರುತ್ತೇನಪ್ಪಾ?" ಅಂದರು.

ಮೊದಲ ಇಬ್ಬರಿಗೆ ನಕ್ಕು ಸುಮ್ಮನಾದೆ. ಮೂರನೆಯವರ ಮಾತಿಗೆ ಉತ್ತರ ಕೊಡಲೇಬೇಕು. ಅವರ ಮೇಲೆ ನನಗೆ ಗೌರವ ಇದೆ, ಅವರು ಕೇಳಿದ್ದರಲ್ಲಿ ನ್ಯಾಯವೂ ಇದೆ.

ಮೊದಲು ಕೆಲಸದ ಮಾತು ಹೇಳಿಬಿಡ್ತೀನಿ. ಸೈಕಲ್ ಅಂದ್ರೆ ಎರಡು ಚಕ್ರ, ಒಂದು ಹ್ಯಾಂಡಲ್, ಎಲ್ಲಾ ಒಂದೇ ಅಂದ್ಕೊಂಡಿರೋರು ಬಹಳ ಜನ. ಕುಡುಗೋಲು, ಮಚ್ಚು, ಕೊಡಲಿ ಎಲ್ಲವೂ ಕಬ್ಬಿಣವೇ. ಹಾಗಂತ ಕೊಡಲಿ ತಗೊಂಡು ಹುಲ್ಲು ಕೊಯ್ಯೋಕೆ ಯಾರೂ ಹೋಗಲ್ಲ.

ಅಪ್ಪನದು ಕರಿ ಅಟ್ಲಾಸು. 28 ಇಂಚಿನ ಚಕ್ರ, ಕಂಬಿ ಬ್ರೇಕು, ಹಿಂದೆ ದೊಡ್ಡ ಕ್ಯಾರಿಯರ್ರು. ತೂಕ 20 ಕೆಜಿಯ ಆಸುಪಾಸು. ಹಲ್ಲು ಎಣಿಸಿ ನೋಡಿದೀನಿ, ಮುಂದಿನ ಚಕ್ರಕ್ಕೆ 44, ಹಿಂದಿನ ಫ್ರೀವೀಲಿಗೆ 18. ಅಂದ್ರೆ ಪೆಡಲ್ ಒಂದು ಸುತ್ತು ತುಳಿದ್ರೆ ಹಿಂದಿನ ಗಾಲಿ ಹೆಚ್ಚೂ ಕಡಿಮೆ ಎರಡೂವರೆ ಸುತ್ತು ತಿರುಗುತ್ತೆ. ಸಮತಟ್ಟು ರಸ್ತೆಯಲ್ಲಿ ಇದು ರಾಜ. ಒಂದು ಮೂಟೆ ರಾಗಿ ಹೇರಿದರೂ ಜಗ್ಗಲ್ಲ. ನಾಲೆ ಏರಿ ಮೇಲೆ ಹುಲ್ಲಿನ ಹೊರೆ ಕಟ್ಟಿಕೊಂಡು ಬರಬಹುದು. ಫ್ರೇಮು ಹಿಂದಕ್ಕೆ ವಾಲಿಕೊಂಡಿರೋದ್ರಿಂದ ಗುಂಡಿ ಹಾರಿದ್ರೂ ಸೊಂಟ ಹಿಡಿಯಲ್ಲ. ಆದರೆ ದಿಬ್ಬ ಬಂತು ಅಂದ್ರೆ ಇಳಿದು ತಳ್ಳಬೇಕು, ಬೇರೆ ದಾರಿ ಇಲ್ಲ. ಇದು ಊರಲ್ಲೇ ಇರುತ್ತೆ. ನಂಜನಗೂಡು ರಸ್ತೆಯಲ್ಲಿ ಬಸ್ ಇಳಿದು ಮೂರು ಕಿಲೋಮೀಟರ್ ಒಳಗೆ ನಮ್ಮೂರು. ಅಣ್ಣನ ಮಗ ಸ್ಟಾಪಿಗೆ ತಂದಿರ್ತಾನೆ, ಅದರಲ್ಲೇ ಹೋಗ್ತೀನಿ.

ಎರಡನೆಯದು ಕಚೇರಿದು. ನೇರ ಹ್ಯಾಂಡಲ್, 38 ಮಿಲಿಮೀಟರ್ ಟೈರು, ಗೇರು ಇದೆ, ಮಡ್‌ಗಾರ್ಡ್ ಇದೆ, ಕ್ಯಾರಿಯರ್ ನಾನೇ ಹಾಕಿಸಿದ್ದು. ಊಟದ ಡಬ್ಬಿ, ಫೈಲು, ಮಳೆ ಕೋಟು ಎಲ್ಲಾ ಹಿಡಿಯುತ್ತೆ. ಮನೆಯಿಂದ ಕಚೇರಿಗೆ ಆರು ಕಿಲೋಮೀಟರ್. ಶರ್ಟ್ ಇಸ್ತ್ರಿ ಕೆಡದ ಹಾಗೆ ಹೋಗಿ ಹಾಜರಿ ಹಾಕೋಕೆ ಇದೇ ಆಗಬೇಕು. ಹೊರಗೆ ಬಿಸಿಲಲ್ಲಿ ನಿಂತಿರುತ್ತೆ, ಯಾರಾದ್ರೂ ಗೀರಿದ್ರೂ ಬೇಜಾರಿಲ್ಲ.

ಮೂರನೆಯದೇ ಎಲ್ಲರ ಕಣ್ಣು ಕುಕ್ಕಿದ್ದು. ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕು. ಟೈರು 25 ಮಿಲಿಮೀಟರ್, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಅಷ್ಟೇ. 90 ಪಿಎಸ್‌ಐ ಗಾಳಿ ಹಿಡಿಯುತ್ತೆ, ತಟ್ಟಿದ್ರೆ ತಮಟೆ ಥರ ಟಣ್ ಅನ್ನುತ್ತೆ. ತೂಕ ಅಪ್ಪನ ಸೈಕಲ್ಲಿನ ಅರ್ಧ. ಇದಕ್ಕೆ ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಕೆಸರಿಗೆ ಇಳಿಸಿದ್ರೆ ಎತ್ತಿಕೊಂಡು ಬರಬೇಕು. ಆದರೆ ಮುಂದೆ 34, ಹಿಂದೆ 28 ಹಲ್ಲಿನ ಗೇರಿಗೆ ಹಾಕಿದ್ರೆ ಪೆಡಲ್ಲಿನ ಒಂದು ಸುತ್ತಿಗೆ ಗಾಲಿ ಒಂದೂಕಾಲು ಸುತ್ತೂ ಪೂರ್ತಿ ತಿರುಗಲ್ಲ. ಚಾಮುಂಡಿ ಬೆಟ್ಟ ಇಳಿಯದೆ ಹತ್ತಬಹುದು. ಕಳೆದ ವರ್ಷ ಇದರಲ್ಲೇ 200 ಕಿಲೋಮೀಟರಿನ ಬ್ರೆವೆ ಮುಗಿಸಿದೆ. ನಿಯಮದ ಪ್ರಕಾರ ಹದಿಮೂರೂವರೆ ಗಂಟೆ ಟೈಮು, ನನಗೆ 12 ಗಂಟೆ 40 ನಿಮಿಷ ಆಯ್ತು. ನಲವತ್ತು ದಾಟಿದ ಗುಮಾಸ್ತನಿಗೆ ಇಷ್ಟು ಸಾಕು.

ಮೂರೂ ಒಂದರ ಕೆಲಸ ಇನ್ನೊಂದು ಮಾಡಲ್ಲ. ರೋಡ್ ಬೈಕಲ್ಲಿ ರಾಗಿ ಮೂಟೆ ತರೋಕಾಗಲ್ಲ, ಅಟ್ಲಾಸಲ್ಲಿ ಬೆಟ್ಟ ಹತ್ತೋಕಾಗಲ್ಲ.

ಸರಿ, ಕೆಲಸದ ಲೆಕ್ಕ ಮುಗೀತು. ಆದರೆ ಹಿರಿಯರು ಕೇಳಿದ್ದು ಈ ಲೆಕ್ಕ ಅಲ್ಲ. ಮೂರನೇ ಸೈಕಲ್ಲಿಗೆ ನಿಜ ಹೇಳಬೇಕು ಅಂದ್ರೆ ಯಾವ "ಕೆಲಸ"ವೂ ಇಲ್ಲ. ಅದು ಹಾಲು ಹಾಕಲ್ಲ, ಹುಲ್ಲು ಹೊರಲ್ಲ, ಕಚೇರಿಗೆ ಹೋಗಲ್ಲ. ಭಾನುವಾರ ಬೆಳಗ್ಗೆ ಸುಮ್ಮನೆ ಶ್ರೀರಂಗಪಟ್ಟಣಕ್ಕೋ ತಿರುಮಕೂಡಲಿಗೋ ಹೋಗಿ ಒಂದು ಕಾಫಿ ಕುಡಿದು ವಾಪಸ್ ಬರೋದು. ಸುಮ್ಮನೆ. ಈ "ಸುಮ್ಮನೆ" ಅನ್ನೋದು ನಮ್ಮಂಥವರಿಗೆ ಇರಬಹುದಾ, ಅದೇ ಪ್ರಶ್ನೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಕೇರಿಯಿಂದ ಟಾರ್ ರಸ್ತೆಗೆ ಹೋಗಬೇಕು ಅಂದ್ರೆ ಊರೊಳಗೇ ಹಾದು ಹೋಗಬೇಕಿತ್ತು. ಕೇರಿಯವರು ಸೈಕಲ್ ಏರಿಕೊಂಡು ಊರೊಳಗೆ ಹೋಗೋ ಹಾಗಿರಲಿಲ್ಲ. ಅರಳಿಕಟ್ಟೆ ಹತ್ತಿರ ಇಳೀಬೇಕು, ಮಾರಿಗುಡಿ ದಾಟಿದ ಮೇಲೆ ಹತ್ತಬೇಕು. ಬೋರ್ಡ್ ಏನೂ ಹಾಕಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಪ್ಪ ನನ್ನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗೋವಾಗ ಸರಿಯಾಗಿ ಅದೇ ಜಾಗಕ್ಕೆ ಇಳಿಯೋರು. ಯಾಕಪ್ಪ ಅಂದ್ರೆ, "ಚೈನು ಸಡ್ಲ ಆಗದ ಕಣ ಮಗ, ಕಳಚ್ಕತದ" ಅನ್ನೋರು. ಪ್ರತಿ ಸಲ ಅದೇ ಜಾಗದಲ್ಲಿ ಚೈನ್ ಸಡಿಲ ಆಗ್ತಿತ್ತು. ನನಗೆ ಹತ್ತು ಹನ್ನೊಂದು ವರ್ಷ ಆಗೋವರೆಗೂ ಅಟ್ಲಾಸ್ ಸೈಕಲ್ಲಿನ ಚೈನು ಸರಿ ಇಲ್ಲ ಅಂತಲೇ ನಂಬಿದ್ದೆ.

ಇದು ನಮ್ಮೂರ ಒಂದರ ಕಥೆ ಅನ್ಕೋಬೇಡಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರದು. ಅದಕ್ಕೆ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ ಸೆಕ್ಷನ್ 3(1)(ಝಡ್‌ಎ) ತೆಗೆದು ನೋಡಿ. ಸಾರ್ವಜನಿಕ ಜಾಗದಲ್ಲಿ ದಲಿತರು, ಆದಿವಾಸಿಗಳು ಸೈಕಲ್ ಅಥವಾ ಮೋಟಾರ್ ಸೈಕಲ್ ಏರೋದನ್ನ ತಡೆಯೋದು ಅಪರಾಧ. ಚಪ್ಪಲಿ, ಹೊಸ ಬಟ್ಟೆ ಹಾಕೋದನ್ನ ತಡೆಯೋದು, ಮದುವೆ ಮೆರವಣಿಗೆ, ಅದರಲ್ಲಿ ಕುದುರೆ ಏರೋದನ್ನ ತಡೆಯೋದು ಕೂಡ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಾನೂನಿನಲ್ಲಿ ಸೈಕಲ್ ಅನ್ನೋ ಪದ ಸುಮ್ಮನೆ ಬಂದು ಕೂತಿಲ್ಲ. ಇವತ್ತಿಗೂ ಇಳಿಸೋರು ಇದಾರೆ ಅಂತಲೇ ಸಂಸತ್ತು ಅದನ್ನ ಬರೀಬೇಕಾಯ್ತು. ಮಂಗಳನ ಹತ್ತಿರಕ್ಕೆ ನೌಕೆ ಕಳಿಸಿದ ಮೇಲೆ ಈ ದೇಶ ಬರೆದ ಕಾನೂನು ಇದು.

ಬಾಬಾಸಾಹೇಬರ ಬದುಕಲ್ಲೂ ವಾಹನದ ಪ್ರಸಂಗಗಳಿವೆ. 1929ರಲ್ಲಿ ಚಾಳೀಸಗಾಂವ್‌ನಲ್ಲಿ ನಡೆದಿದ್ದನ್ನ ಅವರೇ ಬರೆದಿದ್ದಾರೆ. ರೈಲ್ವೆ ಸ್ಟೇಷನ್ನಿಂದ ಅಲ್ಲಿನ ಮಹಾರವಾಡಕ್ಕೆ ಅವರನ್ನ ಕರೆದುಕೊಂಡು ಹೋಗಬೇಕಿತ್ತು. ಟಾಂಗಾದವರು ಅಸ್ಪೃಶ್ಯರನ್ನ ಕೂರಿಸಿಕೊಂಡು ಹೊಡೆಯೋಕೆ ಒಪ್ಪಲಿಲ್ಲ. ದೂರ ಏನೂ ಜಾಸ್ತಿ ಇರಲಿಲ್ಲ, ನಡೆದೇ ಹೋಗಬಹುದಿತ್ತು. ಆದರೆ ಬ್ಯಾರಿಸ್ಟರ್ ಆಗಿ ಬಂದ ನಮ್ಮ ನಾಯಕರನ್ನ ನಡೆಸಿಕೊಂಡು ಹೋಗೋದು ಮರ್ಯಾದೆಯಲ್ಲ ಅಂತ ಆ ಜನ ಅಂದ್ಕೊಂಡ್ರು. ಟಾಂಗಾ ಬಾಡಿಗೆಗೆ ತಗೊಂಡು, ಓಡಿಸಿ ಅಭ್ಯಾಸ ಇಲ್ಲದ ಒಬ್ಬರು ತಾವೇ ಹೊಡೆದರು. ಸೇತುವೆ ಮೇಲೆ ಅಪಘಾತ ಆಗಿ ಬಾಬಾಸಾಹೇಬರ ಕಾಲು ಮುರೀತು.

ಈ ಪ್ರಸಂಗವನ್ನ ನಾವು ಭಾಷಣದಲ್ಲಿ ಹೇಳೋವಾಗ ಟಾಂಗಾದವನ ಜಾತಿ ಅಹಂಕಾರದ ಬಗ್ಗೆ ಮಾತ್ರ ಹೇಳ್ತೀವಿ. ಇನ್ನೊಂದು ಕಡೆಯಿಂದಲೂ ನೋಡಿ. "ಅಗತ್ಯ" ಅಷ್ಟೇ ನೋಡಿದ್ದಿದ್ರೆ ಆ ಬಡ ಮಹಾರರು ಕಾಲ್ನಡಿಗೆ ಸಾಕು ಅನ್ನಬಹುದಿತ್ತು. ಸಾಕು ಅನ್ನಲಿಲ್ಲ. ಮೈಮುಚ್ಚೋಕೆ ಒಂದು ಪಂಚೆ ಸಾಕು ಅಂತ ಬಾಬಾಸಾಹೇಬರೂ ಅನ್ನಲಿಲ್ಲ, ಸೂಟು ಬೂಟು ಹಾಕಿದ್ರು. ದಾದರ್‌ನಲ್ಲಿ ಪುಸ್ತಕಗಳಿಗೋಸ್ಕರವೇ ಅಂತ ರಾಜಗೃಹ ಕಟ್ಟಿಸಿದ್ರು. ನಮ್ಮ ಜನಕ್ಕೆ "ನಿಮಗಿಷ್ಟು ಸಾಕು" ಅಂತ ಹೇಳೋ ಅಧಿಕಾರ ಸಾವಿರಾರು ವರ್ಷ ಬೇರೆಯವರ ಕೈಲಿತ್ತು. ಒಂದು ಹೊತ್ತು ಹಿಟ್ಟು ಸಾಕು, ಹಳೇ ಬಟ್ಟೆ ಸಾಕು, ಊರಾಚೆ ಗುಡಿಸಲು ಸಾಕು. ಈಗ ಅದೇ ಮಾತನ್ನ ನಮ್ಮವರೇ ನಮಗೆ ಹೇಳೋದು ನನಗೆ ಒಪ್ಪಿಗೆ ಇಲ್ಲ.

ಅದೂ ಅಲ್ಲದೆ ಸೈಕಲ್ಲಿಗೂ ನಮ್ಮ ಚಳವಳಿಗೂ ಹಳೇ ನಂಟು. ಕಾನ್ಶಿರಾಮ್ ಅವರು 1983ರಲ್ಲಿ ಡಿಎಸ್-4 ಕಟ್ಟಿಕೊಂಡು ದಿಲ್ಲಿಯಿಂದ ಸೈಕಲ್ ಜಾಥಾ ಹೊರಟರು. ಸುಮಾರು ನೂರು ಜನ ಕಾರ್ಯಕರ್ತರು, 40 ದಿನ, ಏಳು ರಾಜ್ಯ. ದುಡ್ಡಿಲ್ಲದ, ಪತ್ರಿಕೆ ಇಲ್ಲದ ಜನಕ್ಕೆ ಎರಡು ಕಾಲು ಎರಡು ಗಾಲಿ ಇದ್ರೆ ಏನು ಮಾಡಬಹುದು ಅಂತ ತೋರಿಸಿದ್ರು. ಮರುವರ್ಷವೇ ಬಿಎಸ್‌ಪಿ ಹುಟ್ಟಿತು.

ಹಾಗಾದ್ರೆ ಹಿರಿಯರ ಮಾತಲ್ಲಿ ನ್ಯಾಯ ಎಲ್ಲಿದೆ? ಇದೆ. ಮೂರು ಆದ ಮೇಲೆ ನಾಲ್ಕು, ನಾಲ್ಕಾದ ಮೇಲೆ ಕಾರ್ಬನ್ನು, ಅದಾದ ಮೇಲೆ ಲಕ್ಷದ ಚಕ್ರ ಅನ್ನೋ ಓಟ ಇದೆಯಲ್ಲ, ಅದು ಶೋಕಿಯೇ. ಎನ್ ಪ್ಲಸ್ ಒನ್ ಲೆಕ್ಕಕ್ಕೆ ಕೊನೆಯೇ ಇಲ್ಲ, ಅಂಗಡಿಯವನಿಗೆ ಮಾತ್ರ ಲಾಭ. ನನ್ನ ಲೆಕ್ಕ ಬೇರೆ. ತಿಂಗಳಲ್ಲಿ ಒಂದು ದಿನವಾದ್ರೂ ನಾನು ಏರದ ಸೈಕಲ್ ನನ್ನದಲ್ಲ. ಪಂಕ್ಚರ್ ನಾನೇ ಹಾಕೋಕೆ ಬಾರದ ಸೈಕಲ್ ನನ್ನದಲ್ಲ. ಎಂಟಿಬಿ ತಗೋ ಅಂದ ಗೆಳೆಯರಿಗೂ ಇದನ್ನೇ ಹೇಳಿದೆ. ದಪ್ಪ ಟೈರು, ಮುಂದೆ ಶಾಕು, ಕಾಡು ಗುಡ್ಡ ಹತ್ತೋಕೆ ಚಂದ. ನಾನು ಕಾಡು ಗುಡ್ಡಕ್ಕೆ ಹೋಗಲ್ಲ, ಅದು ನನಗೆ ಬೇಡ. ಬೇಕೋ ಬೇಡವೋ ಅಂತ ನಾನು ತೀರ್ಮಾನ ಮಾಡೋದು ಬೇರೆ, ನಿನಗೆ ಬೇಡ ಅಂತ ಇನ್ನೊಬ್ಬರು ತೀರ್ಮಾನ ಮಾಡೋದು ಬೇರೆ.

ಇನ್ನು ಭಾನುವಾರದ ಸೈಕಲ್ ಗುಂಪುಗಳ ಬಗ್ಗೆ ಒಂದು ಮಾತು. ಒಳ್ಳೇ ಜನ ಇದಾರೆ, ಪಂಕ್ಚರ್ ಆದ್ರೆ ನಿಂತು ಕಾಯ್ತಾರೆ, ನೀರು ಹಂಚಿಕೊಳ್ತಾರೆ. ಆದರೆ ಕಾಫಿ ಟೇಬಲ್ಲಿಗೆ ಬಂದಾಗ "ನಿಮ್ಮ ಪೂರ್ತಿ ಹೆಸರೇನು?", "ಮೂಲ ಊರು ಯಾವುದು?", "ಮನೆ ಎಲ್ಲಿ?" ಅನ್ನೋ ಪ್ರಶ್ನೆ ಬರುತ್ತೆ. ಅಶೋಕಪುರಂ ಅಂದ್ರೆ ಒಂದು ಕ್ಷಣ ಮೌನ. ಮೈಸೂರಿನವರಿಗೆ ಆ ಮೌನ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯವೂ ಕಾಡುತ್ತೆ. "ಸೈಕಲ್ ಬಳಸಿ ಪರಿಸರ ಉಳಿಸಿ" ಅಂತ ಟೀ ಶರ್ಟ್ ಹಾಕಿಕೊಂಡು ನಾವು ಹೊರಡೋ ಹೊತ್ತಿಗೇ, ಬೆಳಗಿನ ಜಾವ ಐದಕ್ಕೆ, ಅದೇ ರಸ್ತೆಯಲ್ಲಿ ಪೌರಕಾರ್ಮಿಕರು, ಹಾಲು ಪೇಪರ್ ಹಾಕೋ ಹುಡುಗರು, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್ನುಗಳು ಸೈಕಲ್ ತುಳ್ಕೊಂಡು ಹೋಗ್ತಿರ್ತಾರೆ. ಲೈಟ್ ಇಲ್ಲ, ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಕೂಡ ಇಲ್ಲ. ಅವರನ್ನ ಯಾರೂ "ಸೈಕ್ಲಿಸ್ಟ್" ಅನ್ನಲ್ಲ. 2011ರ ಜನಗಣತಿ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಈ ದೇಶದ ಸೈಕಲ್ ಅಂದ್ರೆ ಅವರದು. ಮೈಸೂರಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತು, ಒಳ್ಳೇ ಕೆಲಸ. ಆದರೆ ಸೈಕಲ್ ಪಥ, ಸೈಕಲ್ ದಿನ ಅಂತ ಸಭೆ ಕರೆದಾಗ ಪೌರಕಾರ್ಮಿಕರೊಬ್ಬರನ್ನ ವೇದಿಕೆಗೆ ಕರೆದಿದ್ದನ್ನ ನಾನಂತೂ ನೋಡಿಲ್ಲ. ಬಡವರ ಸೈಕಲ್ ಮಾಡುತ್ತಿದ್ದ ಅಟ್ಲಾಸ್ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿದ್ದು 2020ರ ಜೂನ್ 3ಕ್ಕೆ. ಅವತ್ತು ವಿಶ್ವ ಸೈಕಲ್ ದಿನ.

ಈಗ ನಿಜವಾದ ಸಂಗತಿಗೆ ಬರ್ತೀನಿ. ಹಿರಿಯರು ಫೋನಿನ ಕೊನೆಗೆ ಇನ್ನೊಂದು ಮಾತು ಹೇಳಿದ್ರು: "ಮೂರರಲ್ಲಿ ಒಂದನ್ನ ಕೇರಿಯ ಯಾವುದಾದ್ರೂ ಹೆಣ್ಣುಮಗೂಗೆ ಕೊಡು, ಇಸ್ಕೂಲಿಗೆ ಹೋಗ್ಲಿ."

ಅಣ್ಣಾ, ನನ್ನ ಸೈಕಲ್ ಯಾಕೆ ಕೊಡಬೇಕು? ಅವಳಿಗೆ ಬರಬೇಕಾದ ಸೈಕಲ್ ಎಲ್ಲಿ ಹೋಯ್ತು? ಅದನ್ನ ಕೇಳೋಣ.

ನಮ್ಮ ರಾಜ್ಯದಲ್ಲಿ 2006-07ರಲ್ಲಿ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುವಾಯ್ತು. ಗುಣಮಟ್ಟ ಸರಿ ಇಲ್ಲ, ಬೋಲ್ಟ್ ಬಿಗಿ ಇಲ್ಲ ಅಂತ ಪ್ರತಿ ವರ್ಷ ಗಲಾಟೆ ಆಗ್ತಿತ್ತು, ನಿಜ. ಆದರೂ ನಮ್ಮ ಕೇರಿಗಳ ಎಷ್ಟು ಮನೆಗೆ ಬಂದ ಮೊದಲ ಹೊಸ ಸೈಕಲ್ ಅದು! ಅಪ್ಪಂದಿರು ಇಳಿದು ತಳ್ಳಿದ ರಸ್ತೆಯಲ್ಲಿ ಹೆಣ್ಣುಮಕ್ಕಳು ಯೂನಿಫಾರಂ ಹಾಕ್ಕೊಂಡು, ಬೆಲ್ ಹೊಡ್ಕೊಂಡು ಸಾಲಾಗಿ ಹೋಗಿದ್ದನ್ನ ನಾನು ನಮ್ಮೂರಲ್ಲೇ ನೋಡಿದೀನಿ. ಅರಳಿಕಟ್ಟೆ ಮೇಲೆ ಕೂತಿದ್ದೋರು ಸುಮ್ಮನೆ ನೋಡ್ತಾ ಕೂತಿದ್ರು. ಸರ್ಕಾರಿ ಸೈಕಲ್ಲು, ಎಲ್ಲಾ ಜಾತಿ ಮಕ್ಕಳ ಕೈಲೂ ಅದೇ ಸೈಕಲ್ಲು. ಯಾರನ್ನ ಇಳಿಸ್ತಾರೆ? ಹತ್ತು ಭಾಷಣದಿಂದ ಆಗದೇ ಇದ್ದದ್ದು ಆ ಸಾಲಿನಿಂದ ಆಯ್ತು. ಕೋವಿಡ್ ಹೊತ್ತಲ್ಲಿ ಆ ಯೋಜನೆ ನಿಂತು ಹೋಯ್ತು. ಮಾಸ್ಕ್ ಹೋಯ್ತು, ಲಾಕ್‌ಡೌನ್ ಹೋಯ್ತು, ಸೈಕಲ್ ಮಾತ್ರ ಹಿಂದಿನ ಹಾಗೆ ವಾಪಸ್ ಬರಲಿಲ್ಲ.

ಸೈಕಲ್ಲಿಂದ ಏನಾಗುತ್ತೆ ಅನ್ನೋರಿಗೆ ಬಿಹಾರ ಇದೆ. ಅಲ್ಲೂ 2006ರಲ್ಲೇ ಹೈಸ್ಕೂಲಿಗೆ ಸೇರೋ ಹೆಣ್ಣುಮಕ್ಕಳಿಗೆ ಸೈಕಲ್ ಯೋಜನೆ ಶುರುವಾಯ್ತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಅದರ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ್ರು. ವಯಸ್ಸಿಗೆ ಸರಿಯಾಗಿ ಹೈಸ್ಕೂಲಿಗೆ ಸೇರೋ ಹುಡುಗಿಯರ ಪ್ರಮಾಣ ಶೇ. 32ರಷ್ಟು ಹೆಚ್ಚಾಗಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಕಡಿಮೆಯಾಗಿತ್ತು. ಸ್ಕೂಲು ಮೂರು ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲೇ ಪರಿಣಾಮ ಜಾಸ್ತಿ.

ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ತೊಂಬತ್ತರ ದಶಕದ ಶುರುವಿನಲ್ಲೇ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿದ್ರು. ಆಗ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದವರು ಶೀಲಾರಾಣಿ ಚುಂಕತ್. ಸಾವಿರ ಸಾವಿರ ಹಳ್ಳಿ ಹೆಂಗಸರು ಕಲಿತರು, ಕಲ್ಲುಕ್ವಾರಿ ಕೆಲಸದ ಹೆಣ್ಣುಮಕ್ಕಳೂ ಕಲಿತರು. ಪಿ. ಸಾಯಿನಾಥ್ ಅಲ್ಲಿಗೆ ಹೋಗಿ ಬರೆದಿದ್ದಾರೆ. ಆ ಹೆಂಗಸರು ಸೈಕಲ್ಲಿನ ಬಗ್ಗೆ ಹೇಳಿದ್ದು ಬರೀ ದುಡಿಮೆ, ಆದಾಯದ ಮಾತಲ್ಲ, ಯಾರನ್ನೂ ಕಾಯದೆ ತಾವೇ ಹೋಗಿ ಬರೋ ಖುಷಿ ಕೂಡ. "ಸುಮ್ಮನೆ" ತಿರುಗೋ ಹಕ್ಕು ಅಂದೆನಲ್ಲ, ಅದೇ ಇದು.

"ಈಗ ಶಕ್ತಿ ಯೋಜನೆ ಇದೆಯಲ್ಲ, ಬಸ್ ಫ್ರೀ" ಅಂತೀರಿ. ಇದೆ, ಒಳ್ಳೇದು. ನಮ್ಮ ಹೆಂಗಸರಿಗೆ ಅದರಿಂದ ಆಗಿರೋ ಉಪಕಾರ ಸಣ್ಣದಲ್ಲ. ಆದರೆ ಬಸ್ ಮೇನ್ ರೋಡಿಗೆ ಬರುತ್ತೆ, ಕೇರಿಗೆ ಬರಲ್ಲ. ನಮ್ಮೂರಿನ ಆ ಮೂರು ಕಿಲೋಮೀಟರ್ ಹಾಗೇ ಇದೆ. ಬೆಳಗ್ಗೆ ಬರೋ ಒಂದು ಬಸ್ ತಪ್ಪಿದ್ರೆ ಅವತ್ತಿನ ಸ್ಕೂಲು ತಪ್ಪಿತು. ಸಂಜೆ ಸ್ಪೆಷಲ್ ಕ್ಲಾಸ್ ಇದ್ರೆ ಮನೆಯವರು ಬಿಡಲ್ಲ. ಆ ಹುಡುಗಿಗೆ ಬಸ್ಸೂ ಬೇಕು, ಸೈಕಲ್ಲೂ ಬೇಕು. ಒಂದು ಸಾಕು ಅನ್ನಬೇಡಿ, ದಯವಿಟ್ಟು.

ನಾನು ನನ್ನ ಸೈಕಲ್ ಕೊಟ್ಟರೆ ಒಬ್ಬಳು ಹುಡುಗಿಗೆ ಸಿಗುತ್ತೆ, ಫೋಟೋ ಬರುತ್ತೆ, ನಾಲ್ಕು ಜನ ಹೊಗಳ್ತಾರೆ, ಅವಳು ನನಗೆ ಋಣಿ ಆಗ್ತಾಳೆ. ನಮಗೆ ದಾನಿಗಳು ಬೇಕಾಗಿಲ್ಲ. ಅವಳ ಸೈಕಲ್ ಅವಳ ಹಕ್ಕಾಗಿ ಬರಲಿ, ಯಾರ ಮುಂದೆಯೂ ತಲೆ ಬಗ್ಗಿಸದೆ ಅವಳು ಅದನ್ನ ತಗೊಳ್ಳಲಿ. ಅಲ್ಲಿಯವರೆಗೆ ಅಪ್ಪನ ಅಟ್ಲಾಸು ಕೇರಿಯಲ್ಲೇ ಇರುತ್ತೆ, ಯಾರು ಬೇಕಾದ್ರೂ ಕಲೀಬಹುದು. ಈಗಾಗಲೇ ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಹೊಡೆದು ಮೂರು ನಾಲ್ಕು ಹುಡುಗಿಯರು ಮಂಡಿ ತರಚಿಕೊಂಡಿದ್ದಾರೆ. ಪಂಕ್ಚರ್ ಹಾಕೋದು, ಚೈನ್ ಬಿಗಿ ಮಾಡೋದು ನಾನು ಹೇಳಿಕೊಡ್ತಿದೀನಿ. ಚೈನು ಸಡಿಲ ಅನ್ನೋ ನೆಪ ಅವರಿಗೆ ಯಾವತ್ತೂ ಬೇಕಾಗಬಾರದು.

ಹಾಗಾಗಿ ಬಜೆಟ್‌ಗೆ ಮುಂಚೆ ಇಷ್ಟು ಕೇಳೋಣ:

8ನೇ ತರಗತಿ ಮಕ್ಕಳ ಸೈಕಲ್ ಯೋಜನೆ ಪೂರ್ತಿಯಾಗಿ ಮತ್ತೆ ಶುರುವಾಗಬೇಕು. ಜೂನ್ ತಿಂಗಳಲ್ಲಿ ಕೊಡಬೇಕು, ಪರೀಕ್ಷೆ ಹೊತ್ತಿಗಲ್ಲ. ಜೊತೆಗೆ ಪಂಪು, ಪಂಕ್ಚರ್ ಸಾಮಾನು ಕೊಟ್ಟು, ರಿಪೇರಿಯನ್ನ ಒಂದು ದಿನ ಸ್ಕೂಲಲ್ಲೇ ಕಲಿಸಬೇಕು. ಪೌರಕಾರ್ಮಿಕರಿಗೆ, ರಾತ್ರಿ ಪಾಳಿಯವರಿಗೆ ಸೈಕಲ್ ಲೈಟು, ರಿಫ್ಲೆಕ್ಟರನ್ನ ಕೆಲಸಕ್ಕೆ ಇಟ್ಟುಕೊಂಡವರು ಕೊಡಬೇಕು. ಸೈಕಲ್ ಪಥದ ಸಭೆಗೆ ಬೆಳಗ್ಗೆ ಐದಕ್ಕೆ ಸೈಕಲ್ ತುಳಿಯೋರನ್ನ ಮೊದಲು ಕರೀಬೇಕು. ಯಾವುದೇ ಊರಲ್ಲಿ ಯಾರನ್ನಾದ್ರೂ ಸೈಕಲ್ಲಿಂದ ಇಳಿಸಿದ್ರೆ "ರಾಜಿ ಮಾಡ್ಕೊಳ್ಳಿ" ಅನ್ನದೆ ಆ ಸೆಕ್ಷನ್ನಿನಲ್ಲೇ ಕೇಸ್ ಹಾಕಬೇಕು.

ನಿಮ್ಮ ತಾಲ್ಲೂಕಿನ ಹೈಸ್ಕೂಲಿಗೆ ಎಷ್ಟು ಮಕ್ಕಳು ಎಷ್ಟು ದೂರ ನಡೆದು ಬರ್ತಾರೆ ಅಂತ ಪಟ್ಟಿ ಮಾಡಿ ಕಳಿಸಿ. ಊರು, ದೂರ, ಮಕ್ಕಳ ಸಂಖ್ಯೆ ಇಷ್ಟು ಸಾಕು, ಮಕ್ಕಳ ಹೆಸರು ಬೇಡ. ನಮ್ಮ ಕಡೆಯದನ್ನ ಈ ವಾರ ಶುರು ಮಾಡ್ತಿದೀವಿ. ಹಿರಿಯರೇ, ಮನವಿ ಪತ್ರಕ್ಕೆ ಮೊದಲ ಸಹಿ ನಿಮ್ಮದೇ ಆಗಬೇಕು. ಪತ್ರ ತಗೊಂಡು ನಿಮ್ಮನೆಗೆ ನಾನೇ ಬರ್ತೀನಿ, ಮೂರರಲ್ಲಿ ಯಾವುದಾದ್ರೂ ಒಂದು ಹತ್ತಿಕೊಂಡು.

ಜೈ ಭೀಮ್.